ಐವತ್ತರಲ್ಲಿ ನಿಲ್ಲದ ಇಂಜಿನ್

ಗಜೇಂದ್ರಗಡ
18 ಜೂನ್ 2024

ಮಾವನವರಿಗೆ ಮಹೇಶ್ವರಿಯ ನಮಸ್ಕಾರ.

ನೀವು ಈ ಪತ್ರ ಒಡೆಯುತ್ತೀರೋ ಹಾಗೇ ಜಂತಿಗೆ ಸಿಕ್ಕಿಸಿ ಬಿಡುತ್ತೀರೋ ಗೊತ್ತಿಲ್ಲ. ಫೋನಿನಲ್ಲಿ ಮಾತಾಡಿದರೆ ನಿಮಗೆ ಕೇಳುವುದಿಲ್ಲ. ಅತ್ತೆಯವರು ನಡುವೆ ನಿಂತು ಹೇಳಿದರೆ ನನ್ನ ಮಾತು ಅವರ ಮಾತಾಗಿ ನಿಮಗೆ ಮುಟ್ಟುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಇಂಜಿನ್ನಿನ ವಿಷಯ, ಬೇರೆ ಏನೂ ಇಲ್ಲ.

ಜನವರಿಯಲ್ಲಿ ನಿಮ್ಮ ಮಗ ಹೋದ ಮೇಲೆ ಜನರೇಟರ್ ನಾನೇ ನಡೆಸುತ್ತಿದ್ದೇನೆ. ಕರೆಂಟು ಹೋದಾಗ ಶೆಡ್ಡಿನ ಆರು ಮಗ್ಗಗಳೂ ಇದರ ಮೇಲೆ ಓಡಬೇಕು. ಹ್ಯಾಂಡಲ್ ಹೊಡೆದು ಚಾಲೂ ಮಾಡುವುದನ್ನು ಕಲಿತಿದ್ದೇನೆ. ನನ್ನ ಕೈ ಸೋತರೆ ಮೊದಲ ಮಗ್ಗದ ಹುಸ್ನಾ ಅಕ್ಕ ಬಂದು ಕೈ ಕೊಡುತ್ತಾಳೆ. ಹೋಳಿ ಹುಣ್ಣಿಮೆಯ ತನಕ ಎಲ್ಲ ಸರಿ ಇತ್ತು. ಆಮೇಲೆ ಇಂಜಿನ್ ಒಂದೇ ಸಮನೆ ಓಡುವುದನ್ನು ಬಿಟ್ಟಿತು. ವೇಗ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ವೇಗ ತಿಳಿಯಲೆಂದು ನೀವು ಕೂರಿಸಿದ ಗಾಜಿನ ಮೀಟರಿನಲ್ಲಿ ಐವತ್ತು ಎಂದು ಬರೆದ ಬಿಳಿ ಕಡ್ಡಿ ಒಂದೇ ನಡುಗಬೇಕಲ್ಲ, ಈಗ ನಲವತ್ತೇಳರಿಂದ ಐವತ್ತೆರಡರ ತನಕ ಎಲ್ಲ ಕಡ್ಡಿಗಳೂ ಸರದಿ ಹಿಡಿದು ನಡುಗುತ್ತವೆ. ಇಂಜಿನ್ ಇಳಿದಾಗ ಮಗ್ಗದ ಮೋಟಾರೂ ಇಳಿಯುತ್ತದೆ, ಲಾಳಿ ಆಚೆ ದಡ ಮುಟ್ಟದೆ ನಡುವೆಯೇ ನಿಂತು ಒಂದು ಹಿಡಿ ಎಳೆ ಹರಿದುಕೊಂಡು ಬೀಳುತ್ತದೆ. ಒಬ್ಬೊಬ್ಬರಿಗೆ ಎಳೆ ಕೂಡಿಸುವುದರಲ್ಲೇ ಮಧ್ಯಾಹ್ನ ಮುಗಿಯುತ್ತದೆ.

ಕರೆಂಟು ಹೋಯಿತು. ಬಂದು ಬರೆಯುತ್ತೇನೆ.

ಡೀಸೆಲ್ ಹೆಚ್ಚು ಕಡಿಮೆ ಮಾಡುವ ಲೀವರನ್ನು ಕೈಯಿಂದ ಹಿಡಿದು ನಿಂತರೆ ಸ್ವಲ್ಪ ತಡೆಯುತ್ತದೆ. ಈಗಲೂ ಹಾಗೇ ನಿಂತು ಬಂದೆ. ಶೆಡ್ಡಿನ ಹಿರಿಯರು ಅರ್ಜುನಪ್ಪ ಇವತ್ತು ಅಂದರು: "ದೀಪಾವಳಿ ತನಕ ನೋಡ್ತೀವಿ ತಂಗಿ. ಆಮ್ಯಾಲೆ ನಾವೂ ನಮ್ಮ ಹೊಟ್ಟಿ ನೋಡ್ಕೊಬೇಕು. ಬ್ಯಾರೆ ಇಂಜಿನ್ ತರಸ್ತೀವಿ." ಆ ಕಡೆ ನೀವು ನರಗುಂದದ ಹನುಮಪ್ಪನಿಗೆ ಇಂಜಿನ್ ಕೊಡುವ ಮಾತಾಡಿದ್ದೀರಿ ಎಂದೂ ಕೇಳಿದೆ. ಕಾಗದದ ಮೇಲೆ ನಿಮ್ಮ ಹೆಸರಿದೆ, ಕೊಡಬಹುದು. ಇದರ ಬಾಡಿಗೆಯ ಮೇಲೆ ನನ್ನ ಒಲೆ ಉರಿಯುತ್ತದೆ. ಇದು ಹೋದರೆ ಈ ಊರಿನಲ್ಲಿ ನಾನು ಯಾರೂ ಅಲ್ಲ.

ಕೊಡುವುದಿದ್ದರೂ ಅದಕ್ಕೆ ಏನಾಗಿದೆ ಎಂದು ಮೊದಲು ಹೇಳಿ.

ಮಹೇಶ್ವರಿ


ಹೊಳೆಮಣ್ಣೂರ
27 ಜೂನ್ 2024

ಮಹೇಶ್ವರಿಗೆ,

ಮೊದಲು ನಿನ್ನ ಹೆಸರಿನ ಮುಂದೆ ಚಿ. ಸೌ. ಅಂತ ಬರೆಯುತ್ತಿದ್ದೆ. ಈಗ ಏನು ಬರೆಯಬೇಕು ತಿಳಿಯಲಿಲ್ಲ. ಬರೇ ಹೆಸರು ಬರೆದಿದ್ದೇನೆ, ಸಿಟ್ಟು ಅಂತ ತಿಳಿಯಬೇಡ.

ಡೀಸೆಲ್ ಪೈಪಿನಲ್ಲಿ ಗಾಳಿ ಹೊಕ್ಕಿರಬೇಕು. ಪಂಪಿನ ಮೇಲಿನ ಸ್ಕ್ರೂ ಸಡಿಲು ಮಾಡಿ ಗುಳ್ಳೆ ಹೋಗುವ ತನಕ ಡೀಸೆಲ್ ಬಿಡು. ಫಿಲ್ಟರ್ ಬದಲಿಸು. ಅಷ್ಟಕ್ಕೂ ನಿಲ್ಲದಿದ್ದರೆ ಗವರ್ನರ್ ಸ್ಪ್ರಿಂಗು ಸಡಿಲಾಗಿದೆ ಅಂತ ಅರ್ಥ, ಅರ್ಧ ಸುತ್ತು ಬಿಗಿ ಮಾಡು. ನಿನಗೆ ಆಗದಿದ್ದರೆ ರೋಣದ ರಫೀಕನ್ನ ಕರೆಸು. ಒಳ್ಳೆ ಮೆಕ್ಯಾನಿಕ್, ಮಗ ನಿಂಗರಾಜನ ದೋಸ್ತ.

ಇನ್ನು ಕೊಡುವ ಮಾತು. ನೀನು ಕೇಳಿದ್ದು ಖರೇ. ದೀಪಾವಳಿ ಪಾಡ್ಯ ಮುಗಿದ ಮೇಲೆ ಹನುಮಪ್ಪ ಟ್ರಾಲಿ ತರುತ್ತಾನೆ. ಆ ಇಂಜಿನ್ ನಮ್ಮ ಮನೆತನಕ್ಕೆ ಬೇಡ. ಅದರ ಬೆಲ್ಟ್ ತರಲಿಕ್ಕೆ ಹೋಗಿಯೇ ನನ್ನ ಮಗ ರೋಣದ ರಸ್ತೆಯಲ್ಲಿ ಬಿದ್ದ. ನನ್ನ ಕಿವಿ ತಿಂದದ್ದು ಅದೇ ಇಂಜಿನ್, ಸಾಲದ್ದಕ್ಕೆ ಅವನನ್ನೂ ತಿಂತು.

ನೀನು ಇಲ್ಲಿಗೆ ಬಾ. ಹದಿಮೂರನೇ ದಿನ ಹೋದವಳು ಇತ್ತ ತಿರುಗಿ ನೋಡಿಲ್ಲ. ಬರುವುದಿಲ್ಲ ಅಂದರೆ ಸವಡಿಯ ತವರಿಗಾದರೂ ಹೋಗು. ಹೆಣ್ಣುಮಗಳು ಡೀಸೆಲ್ ಇಂಜಿನ್ನಿನ ಮುಂದೆ ನಿಂತಿದ್ದಾಳೆ ಅಂತ ಮಂದಿ ನನಗೆ ಹೇಳುವುದು ಬೇಡ.

ಉಡಚಪ್ಪ


ಗಜೇಂದ್ರಗಡ
15 ಜುಲೈ 2024

ಮಾವನವರಿಗೆ,

ಗಾಳಿ ಬಿಟ್ಟೆ. ಫಿಲ್ಟರ್ ಬದಲಿಸಿದೆ. ಏನೂ ಆಗಲಿಲ್ಲ. ನೀವು ಬರೆದ ಹಾಗೆ ಸ್ಪ್ರಿಂಗು ಅರ್ಧ ಸುತ್ತು ಬಿಗಿ ಮಾಡಿದೆ. ಆ ದಿನ ಮಧ್ಯಾಹ್ನ ಚಹಾದ ಹೊತ್ತಿಗೆ ಎಲ್ಲರೂ ಒಮ್ಮೆಲೇ ಮಗ್ಗ ಬಂದ್ ಮಾಡಿದರು. ಭಾರ ಹಗುರಾಯಿತಲ್ಲ, ಇಂಜಿನ್ ಬಿಟ್ಟ ಗೂಳಿಯ ಹಾಗೆ ಕೂಗಿತು. ನಾನು ಓಡಿ ಹೋಗಿ ಲೀವರ್ ಒತ್ತಿ ಹಿಡಿಯುವಷ್ಟರಲ್ಲಿ ಶೆಡ್ಡಿನ ಬಲ್ಬುಗಳು ಪಟಪಟ ಒಡೆದವು. ಹುಸ್ನಾ ಅಕ್ಕ ಸೆರಗಿನಿಂದ ಗಾಜು ಜಾಡಿಸಿಕೊಳ್ಳುತ್ತ ಅಂದಳು: "ನಿಮ್ಮ ಮಾವ ಹೊಳೆಮಣ್ಣೂರಾಗ ಕುಂತು ಗಜೇಂದ್ರಗಡದಾಗ ಬಲ್ಬ್ ಒಡದ್ನಲ್ಲವಾ! ಭಾರಿ ಉದ್ದನ ಕೈ ಐತಿ ಬಿಡು." ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಎಷ್ಟು ದಿನವಾಗಿತ್ತೆಂದು ಆಗ ನೆನಪಾಗಿ ಹಿಂದಿನ ಬಾಗಿಲಿಂದ ಹೊರಗೆ ಹೋದೆ.

ಮರುವಾರ ರಫೀಕ ಬಂದ. ನನ್ನ ಮುಖ ನೋಡಲಿಲ್ಲ, ಸೀದಾ ಇಂಜಿನ್ನಿನ ಹತ್ತಿರ ಹೋಗಿ ಕೂತ. ನಾನು ಪೂಜೆ ಮಾಡಿದ ಜಾಗಕ್ಕೆ ಕೈ ತಾಗಬಾರದೆಂದು ಅಲ್ಲೊಂದು ಬಟ್ಟೆ ಹಾಸಿ, ಉಳಿದದ್ದನ್ನೆಲ್ಲ ಬಿಚ್ಚಿ ತೊಳೆದು ನೋಡಿದ. ಸ್ಪ್ರಿಂಗನ್ನು ಮೊದಲಿನ ಬಿಗುವಿಗೆ ತಂದ.

"ಅಕ್ಕಾರ, ಡೀಸೆಲ್ ಚಲೋ ಐತಿ, ಪಂಪ್ ಚಲೋ ಐತಿ, ಸ್ಪ್ರಿಂಗೂ ಚಲೋನ ಐತಿ. ಆದರೂ ಹಂಟಿಂಗ್ ಹೊಡಿಯಾಕತ್ತೈತಿ."

"ಹಂಗಂದ್ರೇನೋ?"

"ತನ್ನ ಸ್ಪೀಡ್ ತಾನ ಹುಡುಕತೈತ್ರಿ, ಸಿಗವಲ್ದು. ಸಿಕ್ಕಿತು ಅನ್ನೂದ್ರಾಗ ದಾಟಿ ಹೋಗತೈತಿ."

ಅವನು ಕೂಲಿ ತೆಗೆದುಕೊಳ್ಳಲಿಲ್ಲ. ಚಹಾ ಅರ್ಧ ಬಿಟ್ಟು ಎದ್ದ.

ಮಾವನವರೇ, ನನಗೂ ಒಂದು ಕಡೆ ಕೂರಲಾಗುತ್ತಿಲ್ಲ. ಕರೆಂಟು ಇದ್ದಾಗ ಯಾವಾಗ ಹೋಗುತ್ತದೋ ಎಂದು ಬಾಗಿಲಿಗೂ ಶೆಡ್ಡಿಗೂ ತಿರುಗುತ್ತೇನೆ. ಹೋದ ಮೇಲೆ ಯಾವಾಗ ಬರುತ್ತದೋ ಎಂದು ಲೀವರ್ ಹಿಡಿದು ನಿಲ್ಲುತ್ತೇನೆ. ಅನ್ನ ಬಸಿಯಲು ಇಟ್ಟು ಮರೆತು ಬರುತ್ತೇನೆ. ಬರೆಯುವ ಅಭ್ಯಾಸ ಸಾಲೆಯಿಂದಲೂ ಇತ್ತು, ದಿನಕ್ಕೊಂದು ಪುಟ. ಈಗ ಒಂದು ಸಾಲಿನ ಮೇಲೆ ಪೆನ್ನು ನಿಲ್ಲುವುದಿಲ್ಲ.

ನನ್ನ ಬರುವ ಮಾತು ಈಗ ಬೇಡ. ಇಂಜಿನ್ನಿಗೆ ಬೇರೆ ಏನಾಗಿರಬಹುದು, ಅದನ್ನು ಬರೆಯಿರಿ.

ಮಹೇಶ್ವರಿ


ಹೊಳೆಮಣ್ಣೂರ
12 ಆಗಸ್ಟ್ 2024

ಮಹೇಶ್ವರಿಗೆ,

ಉತ್ತರ ತಡವಾಯಿತು. ಹೊಳಿ ಬಂದಿತ್ತು. ಮೇಲಿನಿಂದ ನೀರು ಬಿಟ್ಟರು ಅಂತ ಡಂಗುರ ಹೊಡೆಸಿದರು. ನಿನ್ನ ಮೈದುನ ದ್ಯಾಮೇಶ, ಅವನ ಹೆಂಡತಿ, ಮಕ್ಕಳು, ನಾವಿಬ್ಬರು, ಎರಡು ಎಮ್ಮಿ, ಎಲ್ಲಾ ಸಾಲಿಯಲ್ಲಿ ಇದ್ದೆವು. ನೀರು ನಮ್ಮ ಕಟ್ಟೆಯ ತನಕ ಬಂದು ಹೋಯಿತು. ನಿನ್ನ ಪತ್ರ ಅಂಗಿಯ ಕಿಸೆಯಲ್ಲಿತ್ತು, ಒದ್ದೆಯಾಗಲಿಲ್ಲ.

ಸಾಲಿಯ ಜಗುಲಿಯ ಮೇಲೆ ಕೂತು ಮಾಡಲಿಕ್ಕೆ ಕೆಲಸ ಇರಲಿಲ್ಲ. ಇಂಜಿನ್ನಿನ ವಿಚಾರವನ್ನೇ ಮಾಡಿದೆ. ನಾನು ತಿಳಿಸಿದ್ದು ತಪ್ಪಾಯಿತು. ಸ್ಪ್ರಿಂಗು ಬಿಗಿ ಮಾಡು ಅನ್ನಬಾರದಿತ್ತು.

ನಿನಗೆ ಗವರ್ನರ್ ಅಂದರೆ ಏನು ಅಂತ ನಿಂಗರಾಜ ಹೇಳಿದ್ದನೋ ಇಲ್ಲವೋ. ಇಂಜಿನ್ನಿನ ಹೊಟ್ಟೆಯಲ್ಲಿ ಎರಡು ತೂಕದ ಗುಂಡು ತಿರುಗುತ್ತಿರುತ್ತವೆ. ವೇಗ ಹೆಚ್ಚಾದರೆ ಅವು ದೂರ ಸರಿದು ಲೀವರನ್ನ ಎಳೆದು ಡೀಸೆಲ್ ಕಡಿಮೆ ಮಾಡುತ್ತವೆ. ಭಾರ ಬಿದ್ದು ವೇಗ ಇಳಿದರೆ ಹತ್ತಿರ ಬರುತ್ತವೆ, ಆಗ ಸ್ಪ್ರಿಂಗು ಲೀವರನ್ನ ಆ ಕಡೆ ದಬ್ಬಿ ಡೀಸೆಲ್ ಹೆಚ್ಚು ಕೊಡುತ್ತದೆ. ಗುಂಡು ಒಂದು ಕಡೆ, ಸ್ಪ್ರಿಂಗು ಒಂದು ಕಡೆ, ಗಂಡ ಹೆಂಡತಿ ಹಗ್ಗ ಜಗ್ಗಿದ ಹಾಗೆ. ಇಬ್ಬರೂ ಸರಿಸಮ ಜಗ್ಗಿದರೆ ಮನೆ ನಿಂತಿರುತ್ತದೆ, ಮೀಟರ್ ಐವತ್ತರಲ್ಲಿ ಇರುತ್ತದೆ.

ನಾನು ಟೂರಿಂಗ್ ಟಾಕೀಸಿನಲ್ಲಿ ಇದೇ ಇಂಜಿನ್ ನಡೆಸಿದವನು. ನರಗುಂದ, ರೋಣ, ಗಜೇಂದ್ರಗಡ, ಎಲ್ಲಿ ಟೆಂಟ್ ಬಿದ್ದರೂ ಇಂಜಿನ್ ನನ್ನದು. ಇಂಜಿನ್ ಇಳಿಯಿತು ಅಂದರೆ ಪರದೆಯ ಮೇಲೆ ಹಾಡುವ ಹೆಣ್ಣಿನ ದನಿ ಗಂಡಸಿನ ದನಿ ಆಗುತ್ತಿತ್ತು. ಮಂದಿ ಒಳಗಿಂದ ಕೂಗುತ್ತಿದ್ದರು, "ಏ ಉಡಚಪ್ಪಾ, ನಾಯಕಿಗೆ ಮೀಸಿ ಬರಾಕತ್ತಾವೋ, ಎದ್ದೇಳೋ!" ಆಗ ನನಗೆ ಕಿವಿ ಇದ್ದವು. ಕೇಳಿ ಸರಿ ಮಾಡುತ್ತಿದ್ದೆ. ಈಗ ಅಂಗೈ ಇಟ್ಟು ನೋಡಬೇಕು. ಪತ್ರದಲ್ಲಿ ಅಂಗೈ ಇಡಲಿಕ್ಕೆ ಬರುವುದಿಲ್ಲ.

ದಾರಿ ಒಣಗಿದ ಮೇಲೆ ಬರುತ್ತೇನೆ. ಇಂಜಿನ್ ನೋಡಲಿಕ್ಕೆ ಮಾತ್ರ. ಹನುಮಪ್ಪನಿಗೂ ಕೆಟ್ಟ ಇಂಜಿನ್ ಕೊಡಬಾರದಲ್ಲ.

ಉಡಚಪ್ಪ


ಗಜೇಂದ್ರಗಡ
9 ಸೆಪ್ಟೆಂಬರ್ 2024

ಮಾವನವರಿಗೆ,

ನೀವು ಬಂದು ಹೋದ ಮೇಲೆ ಬರೆಯಬೇಕೆಂದಿದ್ದೆ, ಆಗಲಿಲ್ಲ.

ಆ ದಿನ ನೀವು ಮನೆಯೊಳಗೆ ಬರಲಿಲ್ಲ. ಶೆಡ್ಡಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಇಂಜಿನ್ನಿನ ಬೆನ್ನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತಿರಿ. ನಾನು ಚಹಾ ಮಾಡಿ ತರುವಷ್ಟರಲ್ಲಿ ಏನೋ ಮಾಡಿ ಮುಗಿಸಿ ರುಮಾಲಿಗೆ ಕೈ ಒರೆಸಿಕೊಳ್ಳುತ್ತಿದ್ದಿರಿ. ಐವತ್ತರ ಕಡ್ಡಿ ಒಂದೇ ನಡುಗುತ್ತಿತ್ತು. ಅರ್ಜುನಪ್ಪನವರು ಆರೂ ಮಗ್ಗ ಹಾಕಿಸಿದರು, ಆರೂ ತೆಗೆಸಿದರು. ಅದು ಒಂದು ಕ್ಷಣ ತೂಗಿ ತನ್ನ ಜಾಗಕ್ಕೆ ಬಂದು ನಿಂತಿತು. ಏನಾಗಿತ್ತು ಎಂದು ನಾನು ಕೇಳಿದ್ದಕ್ಕೆ, "ಏನೂ ಇಲ್ಲವ್ವ, ಹೊಲಸಿತ್ತು" ಎಂದಿರಿ. ಚಹಾ ಕುಡಿದು ಬಸ್ಸಿಗೆ ಹೋದಿರಿ. ನಿಮ್ಮ ಮಗನ ಸೈಕಲ್ಲು ಗೋಡೆಗೆ ಒರಗಿಸಿದ್ದು ಇತ್ತು, ಹೊರಡುವಾಗ ಅದನ್ನು ನೋಡಿದಿರಿ.

ಆಮೇಲೆ ಕೆಲವು ದಿನ ಇಂಜಿನ್ ತನ್ನಷ್ಟಕ್ಕೆ ತಾನೇ ಓಡಿತು. ನಾನು ಹಿಡಿಯಬೇಕಾದದ್ದೇ ಇರಲಿಲ್ಲ. ಎಲ್ಲರೂ ಖುಷಿಯಾಗಿದ್ದರು. ನನಗೆ ಮಾತ್ರ ಕೈ ಎಲ್ಲಿಡಬೇಕು ತಿಳಿಯದೆ ಸೆರಗು ಸುತ್ತುತ್ತಿದ್ದೆ, ಬಿಚ್ಚುತ್ತಿದ್ದೆ. ಓಡುತ್ತಿರುವ ಇಂಜಿನ್ ಬಿಟ್ಟು ಬೀದಿಯ ತುದಿಯ ತನಕ ಹೋಗಿ ಸುಮ್ಮನೆ ತಿರುಗಿ ಬರುತ್ತಿದ್ದೆ.

ಅಮಾವಾಸ್ಯೆ ಕಳೆದ ಮರುದಿನದಿಂದ ಮತ್ತೆ ಶುರುವಾಗಿದೆ. ಮೊದಲಿಗಿಂತ ಜೋರು. ನಿನ್ನೆ ಹುಸ್ನಾ ಅಕ್ಕನ ಮಗ್ಗದಲ್ಲಿ ಮದುವೆಯ ಸೀರೆ ಇತ್ತು, ಲಾಳಿ ನಡುವೆ ಸಿಕ್ಕು ಹಾಸಿನ ಎಳೆಗಳೆಲ್ಲ ಹರಿದವು. ಅವಳು ಹರಿದ ಎಳೆ ಹೆಕ್ಕತೊಡಗಿದಳು. ಆಚೆ ಮಗ್ಗದ ಒಬ್ಬರು ಅಂದರು. ನನಗೆ ಕೇಳುವ ಹಾಗೆಯೇ ಅಂದರು: "ಮಾವ ಮುಟ್ಟಿದ್ರ ನಿಲ್ತೈತಿ, ಸೊಸಿ ಮುಟ್ಟಿದ್ರ ಕೆಡತೈತಿ. ಕೈಗುಣ ಅಂತ ಒಂದು ಇರತೈತಲ್ಲರಿ. ಮನಿಯಾಗ ಆಗಿದ್ದು ನೋಡಿದ್ರ ತಿಳಿಯೂದಿಲ್ಲೇನು?"

ನೀವೂ ಹಾಗೆ ತಿಳಿದಿದ್ದರೆ ಬರೆದು ಬಿಡಿ. ತಿಳಿದಿರದಿದ್ದರೆ, ಆ ದಿನ ಏನು ಮಾಡಿದಿರಿ ಎಂದು ಬರೆಯಿರಿ.

ಮಹೇಶ್ವರಿ


ಹೊಳೆಮಣ್ಣೂರ
20 ಸೆಪ್ಟೆಂಬರ್ 2024

ಮಹೇಶ್ವರಿ, ತಂಗಿ,

ಕೈಗುಣ ಅಂದವರ ಬಾಯಲ್ಲಿ ಮಣ್ಣು ಬೀಳಲಿ. ನಿನ್ನ ಪತ್ರ ಓದಿದ ದಿನದಿಂದ ಇದನ್ನ ಬರೆಯಬೇಕು ಅಂತ ಕೂಡುತ್ತೇನೆ, ಏಳುತ್ತೇನೆ. ನಿಮ್ಮತ್ತಿ, "ಯಾಕ ಬಾಳಂತಿ ಬೆಕ್ಕಿನಂಗ ತಿರಗಾಕತ್ತೀ" ಅಂತಾಳ. ಇವತ್ತು ಬರೆದೇ ತೀರುತ್ತೇನೆ.

ಆ ದಿನ ನೀ ಚಹಾ ಮಾಡಲಿಕ್ಕೆ ಹೋದಾಗ ನಾನು ಲೀವರಿನ ಮೇಲೆ ಬೆರಳು ಇಟ್ಟೆ. ಬೆರಳು ಕೆಂಪಾಗಿ ಬಂತು.

ಲೀವರ್ ತಿರುಗುವ ಗೂಟದ ಸುತ್ತ ಕುಂಕುಮ, ಅರಿಷಿಣ, ಎಣ್ಣಿ. ಒಂದು ಪದರದ ಮೇಲೆ ಇನ್ನೊಂದು ಪದರ. ಡೀಸೆಲ್ಲಿನ ಮಸಿ ಕೂಡಿ, ಇಂಜಿನ್ನಿನ ಕಾವಿಗೆ ಬೆಂದು ಅರಗಿನ ಹಾಗೆ ಗಟ್ಟಿಯಾಗಿತ್ತು. ಲೀವರ್ ಹಗುರಾಗಿ ಆಡಬೇಕು, ಗಾಳಿ ಬಂದರೆ ಎಲಿ ಅಲುಗಿದ ಹಾಗೆ. ಅಂಟಿಕೊಂಡರೆ ಏನಾಗುತ್ತದೆ ಅಂದರೆ, ವೇಗ ಇಳಿದಾಗ ಅದು ಸರಿಯುವುದಿಲ್ಲ. ಇನ್ನೂ ಇಳಿದ ಮೇಲೆ ಒಮ್ಮೆಲೇ ಕಿತ್ತು ಜಿಗಿಯುತ್ತದೆ. ಡೀಸೆಲ್ ಹೆಚ್ಚಾಗಿ ವೇಗ ದಾಟಿ ಹೋಗುತ್ತದೆ. ತಿರುಗಿ ಬರುವಾಗಲೂ ಅದೇ ಹಣೆಬರಹ. ಅದಕ್ಕೇ ಇಂಜಿನ್ ತೊಟ್ಟಿಲಾಡುತ್ತದೆ. ನಾನು ಸೀಮೆಎಣ್ಣಿ ಹಚ್ಚಿ, ಜಾಲಿ ಮುಳ್ಳಿನಿಂದ ಕೆತ್ತಿ ತೆಗೆದೆ. ಅಷ್ಟೇ ಮಾಡಿದ್ದು.

ಯಾರು ಹಚ್ಚಿದ್ದು, ಯಾಕೆ ಅಲ್ಲೇ ಹಚ್ಚಿದ್ದು, ನನಗೆ ಕೇಳುವ ಗರಜಿಲ್ಲ. ನಿಂಗರಾಜನಿಗೆ ಇಂಜಿನ್ ಸುಮ್ಮನೆ ಓಡುತ್ತಿದ್ದರೂ ಎರಡು ಬೆರಳು ಅಲ್ಲಿ ಇಟ್ಟು ನಿಲ್ಲುವ ಚಟ ಇತ್ತು. ನಾ ಎಷ್ಟು ಸಲ ಬೈದೀನಿ.

ಹೊಲಸಿತ್ತು ಅಂದೆನಲ್ಲ, ಆ ಮಾತು ನನ್ನ ಬಾಯಿಂದ ಹ್ಯಾಂಗ ಬಂತೋ. ಬೇರೆ ಏನು ಹೇಳಬೇಕಿತ್ತು ಹೇಳು. ಕುಂಕುಮ ಒರಸವ್ವ ಅಂತ ನಿನಗೆ ಒಂದು ಸಲ ಹೇಳಿಯಾಗೈತಿ. ಎರಡನೇ ಸಲ ಹೇಳಲಿಕ್ಕೆ ನನ್ನ ಕೈಲಿ ಆಗಲಿಲ್ಲ. ನಾನೇ ಒರೆಸಿ, ಸುಮ್ಮನೆ ಬಸ್ಸು ಹತ್ತಿದೆ.

ಈಗ ಪತ್ರದಲ್ಲಿ ಹೇಳುತ್ತಿದ್ದೇನೆ. ಒರಸು. ಅಲ್ಲಿ ಮತ್ತೆ ಹಚ್ಚಬೇಡ.

ಉಡಚಪ್ಪ


ಗಜೇಂದ್ರಗಡ
13 ಅಕ್ಟೋಬರ್ 2024

ಮಾವನವರಿಗೆ,

ನಿಮ್ಮ ಪತ್ರ ಬಂದ ದಿನ ಸಿಟ್ಟಿನಿಂದ ಹರಿದು ಹಾಕಿದೆ. ಮತ್ತೆ ಚೂರು ಕೂಡಿಸಿ ಓದಿದೆ. ಆಮೇಲೂ ನಾನು ಒರೆಸಲಿಲ್ಲ. ಲೀವರ್ ಹಿಡಿದು ನಿಂತೆ, ಕೈ ಬಾತುಕೊಂಡಿತು. ಇಂಜಿನ್ ತೂಗುತ್ತಲೇ ಇತ್ತು.

ಯಾಕೆ ಅಲ್ಲೇ ಎಂದು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ನನ್ನ ಹಣೆಯ ಕುಂಕುಮ ಒರೆಸಲು ಐದು ಮಂದಿ ಬಂದಿದ್ದರು. ಭರಣಿಯಲ್ಲಿ ಉಳಿದದ್ದನ್ನು ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಸಂಕ್ರಮಣಕ್ಕೆ ತುಂಬಿಸಿದ್ದೆ, ಕಂಠಮಟ್ಟ ಇತ್ತು. ಚೆಲ್ಲಲು ಮನಸ್ಸು ಬರಲಿಲ್ಲ, ಯಾರಿಗಾದರೂ ಕೊಡೋಣವೆಂದರೆ ನನ್ನ ಕೈಯಿಂದ ಯಾರು ತೆಗೆದುಕೊಳ್ಳುತ್ತಾರೆ? ಶಿವರಾತ್ರಿ ಅಮಾವಾಸ್ಯೆಯ ದಿನ ಎಲ್ಲರೂ ತಮ್ಮ ತಮ್ಮ ಗಾಡಿ, ಮಗ್ಗ ಪೂಜೆ ಮಾಡುತ್ತಿದ್ದರು. ನಾನೂ ಇಂಜಿನ್ನಿಗೆ ಮಾಡಿದೆ. ನಿಮ್ಮ ಮಗನ ಬೆರಳಿನಿಂದ ಸವೆದು ಹೊಳೆಯುತ್ತಿದ್ದ ಜಾಗ ಕಂಡಿತು. ಅಲ್ಲಿ ಹಚ್ಚಿದೆ. ಪ್ರತಿ ಅಮಾವಾಸ್ಯೆಗೂ ಹಚ್ಚಿದೆ, ನೀವು ಬಂದು ಹೋದ ಮೇಲೆ ಜಾಗ ಬರಿದಾದದ್ದು ಕಂಡು ಇನ್ನೂ ದಪ್ಪಗೆ ಹಚ್ಚಿದೆ. ನನ್ನ ಪಾಲಿನದ್ದನ್ನು ಹಚ್ಚಲು ಒಂದು ಜಾಗ ಸಿಕ್ಕಿತ್ತು, ಅಷ್ಟೇ.

ರಫೀಕನನ್ನು ಕೇಳಿದೆ, ನೀನು ನೋಡಿರಲಿಲ್ಲವೇ ಎಂದು. "ನೋಡಿದ್ದೆ ಅಕ್ಕಾ. ದೇವರ ಕುಂಕುಮ, ನಾ ಹ್ಯಾಂಗ ಕೆತ್ತಲಿ ಅಂತ ಬಿಟ್ಟೆ" ಅಂದ. ಅರ್ಜುನಪ್ಪನವರೂ ದಿನಾ ನೋಡಿದ್ದಾರೆ, ಕೈ ಮುಗಿದು ದಾಟಿ ಹೋಗಿದ್ದಾರೆ. ಎಲ್ಲರೂ ಮರ್ಯಾದೆ ಕೊಟ್ಟರು. ಮರ್ಯಾದೆಗೆ ಆರು ತಿಂಗಳು ಎಳೆ ಹರಿಯಿತು.

ಒರೆಸಿದ್ದು ಹೇಗೆಂದರೆ, ಹುಸ್ನಾ ಅಕ್ಕನಿಂದ. ಹರಿದ ಮದುವೆಯ ಸೀರೆಯ ಎಳೆಗಳನ್ನು ಒಂದೊಂದೇ ಕೂಡಿಸುತ್ತ ಕೂತಿದ್ದಳು. ನಾನು ಅವಳ ಮುಂದೆ ಕೂತು ನಿಮ್ಮ ಪತ್ರ ಓದಿ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ನನ್ನ ಗಂಡ ಹೋದಾಗ ಬಳಿ ಒಡದರು" ಅಂದಳು. "ಮರುದಿನ ಮಗ್ಗದ ಮ್ಯಾಲೆ ಕುಂತೆ. ಬಳಿ ಇಲ್ಲದ್ದಕ್ಕ ಎಳಿ ಸಿಗಬೀಳಲಿಲ್ಲ, ಸಲೀಸಾತು. ಅದಕ್ಕೂ ನಾ ಅತ್ತೆ ನೋಡು, ಸಲೀಸಾತಲ್ಲ ಅಂತ."

ಮರುದಿನ ಸೀಮೆಎಣ್ಣೆ ತಂದೆ. ಅವಳು ಪಕ್ಕದಲ್ಲಿ ಕೂತಳು. ನಾನು ಕೆತ್ತಿದೆ. ಕಬ್ಬಿಣ ಕಂಡಿತು. ಮೊನ್ನೆ ಆಯುಧಗಳ ಖಂಡೇಪೂಜೆಯ ದಿನ ಲೀವರಿಗೆ ಏನೂ ಹಚ್ಚಲಿಲ್ಲ. ಹಬ್ಬದ ಸೀರೆಗಳಿಗಾಗಿ ವಾರವಿಡೀ ಮಗ್ಗ ಓಡಿದವು, ಇಂಜಿನ್ ಅಲುಗಲಿಲ್ಲ. ಅರ್ಜುನಪ್ಪನವರು, "ಬ್ಯಾರೆ ಇಂಜಿನ್ ಮಾತು ಬಿಟ್ಟೇವಿ ತಂಗಿ. ನಿಂದ ಇರಲಿ" ಅಂದರು. ಕೈಗುಣ ಎಂದವರು ಮಗ್ಗದ ಆಚೆ ಮುಖ ಮಾಡಿ ಕೆಮ್ಮಿದರು.

ಇನ್ನು ಉಳಿದದ್ದು ನಿಮ್ಮ ಮಾತು. ಇಂಜಿನ್ ನಿಮ್ಮ ಮಗನನ್ನು ತಿಂದಿಲ್ಲ. ಕತ್ತಲಾಗುವ ಹೊತ್ತಿನಲ್ಲಿ ದೀಪವಿಲ್ಲದೆ ರಸ್ತೆಯ ನಡುವೆ ನಿಲ್ಲಿಸಿದ ಟ್ರ್ಯಾಕ್ಟರು ತಿಂದಿತು. ನೀವೂ ನೋಡಿದ್ದೀರಿ. ಪಾಡ್ಯದ ನಂತರ ಹನುಮಪ್ಪ ಟ್ರಾಲಿ ತಂದರೆ ನಾನು ಅಡ್ಡ ನಿಲ್ಲುವುದಿಲ್ಲ. ಆದರೆ ಅವನ ಜೊತೆ ನೀವು ಬರಬೇಕು. ನನ್ನ ಮುಂದೆ ನಿಂತು ಒಯ್ಯಬೇಕು.

ಮಹೇಶ್ವರಿ


ಹೊಳೆಮಣ್ಣೂರ
26 ಅಕ್ಟೋಬರ್ 2024

ತಂಗಿ ಮಹೇಶ್ವರಿ,

ನಿನ್ನ ಪತ್ರವನ್ನ ನಿಮ್ಮತ್ತಿ ಮುಂದೆ ಓದಿದೆ. ನಾ ಬರೆದದ್ದೂ ಆಗ ಅವಳಿಗೆ ತಿಳಿಯಿತು. ಬೈದಳು. "ಅಲ್ಲೋ, ಸೊಸಿಗೆ ಕುಂಕುಮ ಒರಸು ಅಂತ ಬರದೀಯಲ್ಲ, ನಿನ್ನ ಕೈ ಹ್ಯಾಂಗ ಬಂತೋ? ಡೀಸೆಲ್ ಟ್ಯಾಂಕಿಗೆ ಹಚ್ಚು ಅನ್ನಬೇಕಿಲ್ಲೇನು? ಟ್ಯಾಂಕ್ ಏನ್ ತಿರಗತೈತೇನು?" ಇಷ್ಟು ವರ್ಷ ಇಂಜಿನ್ ನಡೆಸಿದ ನನಗೆ ಅದು ಹೊಳೆಯಲಿಲ್ಲ. ನಿಮ್ಮತ್ತಿ ಹೇಳಿದ ಹಾಗೆ ಮಾಡು. ಟ್ಯಾಂಕಿಗೆ ಎಷ್ಟು ಬೇಕಾದರೂ ಹಚ್ಚು.

ಹನುಮಪ್ಪ ಮೊನ್ನೆ ನರಗುಂದದಿಂದ ಬಂದಿದ್ದ. ನಾನು ಈಗ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತೇನೆ, ಇಂಜಿನ್ ಮುಂದೆ ದುಡಿದವರಿಗೆಲ್ಲ ಅದು ರೂಢಿ. ಅವನು ಮೀಸಿ ಹಿಂಗ ಬಿಟ್ಟಾನಂದ್ರ ಮೇಲಿನ ತುಟಿ ಎಲ್ಲೈತಿ ಕಾಣುವುದಿಲ್ಲ. ಅರ್ಧ ಮಾತು ಮೀಸಿಯಲ್ಲೇ ಉಳಿದವು.

"ಕೊಡಾಂವಲ್ಲ" ಅಂದೆ.

"ಯಾಕ್ರಿ ಕಾಕಾ, ಮಾತು ಆಗಿತ್ತಲ್ಲ?"

"ಮಾತು ಆಡಾಂವಗ ಕಿವಿ ಕೇಳೂದಿಲ್ಲ. ಏನು ಆಡಿದ್ನೋ ಏನೋ" ಅಂದೆ. ನಕ್ಕು ಹೋದ. ಸಿಟ್ಟಿತ್ತೋ ಇಲ್ಲವೋ, ಮೀಸಿಯೊಳಗೆ ತಿಳಿಯಲಿಲ್ಲ.

ಇಂಜಿನ್ ನಿನ್ನದು. ದ್ಯಾಮೇಶನನ್ನ ಕರಕೊಂಡು ಹೋಗಿ ಕಾಗದದ ಮೇಲೂ ನಿನ್ನ ಹೆಸರು ಮಾಡಿಸುತ್ತೇನೆ.

ಒಂದು ಮಾತು. ಮಾರತೀನಿ ಅಂದದ್ದು ಇಂಜಿನ್ ಮ್ಯಾಲಿನ ಸಿಟ್ಟಿಗೆ ಅಂತ ನಾನೂ ತಿಳಿದಿದ್ದೆ. ಅದಲ್ಲ. ಅದು ಹೋದರೆ ನೀ ಬ್ಯಾರೆ ದಾರಿ ಇಲ್ಲದೆ ಇಲ್ಲಿಗೆ ಬರತೀ ಅಂತ ಮಾಡಿದ್ದೆ. ಈ ಮನಿಯಲ್ಲಿ ಮಕ್ಕಳು ಮರಿ ಬೇಕಾದಷ್ಟು ಇದ್ದಾರೆ. ಆದರೆ ಅವನ ಕಡೀ ದಿನ ನೋಡಿದಾಕಿ ನೀ ಒಬ್ಬಾಕಿ. ಆ ದಿನ ಹೊರಡುವಾಗ ಅವನು ಏನಂದ ಅಂತ ನಾನು ಇನ್ನೂ ನಿನ್ನ ಕೇಳಿಲ್ಲ. ಹದಿಮೂರನೇ ದಿನ ಕೇಳಬೇಕು ಅಂತಿದ್ದೆ, ಇಂಜಿನ್ ಮಾತು ತೆಗೆದು ಜಗಳಾಡಿದೆ.

ಬರೆಯಲಿಕ್ಕೆ ಆದರೆ ಬರಿ.

ಉಡಚಪ್ಪ


ರೋಣ, ಬಸ್ ನಿಲ್ದಾಣ
6 ನವೆಂಬರ್ 2024

ಮಾವನವರಿಗೆ,

ನಿಮ್ಮೂರ ಕಡೆ ಹೋಗುವ ಹೊಳೆಆಲೂರಿನ ಬಸ್ಸು ಇನ್ನೂ ಬಂದಿಲ್ಲ. ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಒಬ್ಬಾಕೆ ಮೆಣಸಿನಕಾಯಿ ಚೀಲ ಇಟ್ಟುಕೊಂಡು ಕೂತಿದ್ದಾಳೆ, ಕಣ್ಣಲ್ಲಿ ನೀರು ಬರುತ್ತಿದೆ.

ಇಂಜಿನ್ ಓಡುತ್ತಿರುವಾಗಲೇ ಬಿಟ್ಟು ಬಂದೆ. ಬೆಳಿಗ್ಗೆ ಕರೆಂಟು ಹೋಯಿತು, ಚಾಲೂ ಮಾಡಿದೆ, ಆರೂ ಮಗ್ಗ ಹತ್ತಿದವು. ನಾನು ಕೈ ಕಟ್ಟಿಕೊಂಡು ನೋಡಿದೆ. ಹುಸ್ನಾ ಅಕ್ಕನಿಗೆ ಬಂದ್ ಮಾಡುವುದನ್ನು ಹೇಳಿಕೊಟ್ಟಿದ್ದೇನೆ. "ಹೋಗ ಹೋಗ, ಅದೇನು ಹಸುಗೂಸಲ್ಲ, ಅಳೂದಿಲ್ಲ" ಅಂದಳು. ಬಸ್ಸಿನಲ್ಲಿ ಬರುವಾಗ ಅವರು ಬಿದ್ದ ಜಾಗ ಬಂದಾಗ ನಾನು ಕಣ್ಣು ಮುಚ್ಚಲಿಲ್ಲ. ಎರಡೂ ಕಡೆ ಕಡಲೆ ಬಿತ್ತಿದ್ದಾರೆ.

ನೀವು ಕೇಳಿದ್ದಕ್ಕೆ ಉತ್ತರ ಮೂರು ಸಲ ಬರೆದು ಹೊಡೆದು ಹಾಕಿದೆ. ಸುಳ್ಳು ಬರೆಯಬಾರದೆಂದು. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಆ ದಿನ ಕರೆಂಟು ಇರಲಿಲ್ಲ, ಇಂಜಿನ್ ಓಡುತ್ತಿತ್ತು. ಹಳೆ ಬೆಲ್ಟ್ ಕಿರುಗುಡುತ್ತಿತ್ತು. ನಾನು ಇಂಜಿನ್ನಿನ ಈ ಕಡೆ ಇದ್ದೆ. ಅವರು ಮೋಟಾರ್ ಗಾಡಿಯ ಮೇಲೆ ಕೂತು, ಬಾಗಿಲಲ್ಲಿ ತಿರುಗಿ ನನ್ನ ಕಡೆ ಮುಖ ಮಾಡಿ ಏನೋ ಅಂದರು. ಸದ್ದಿಗೆ ಕೇಳಿಸಲಿಲ್ಲ. ಸಣ್ಣ ಮಾತು, ಉದ್ದನೆಯದಲ್ಲ. ನಾನು ಆಯಿತು ಎನ್ನುವ ಹಾಗೆ ಕೈ ಮಾಡಿದೆ. ಅವರು ಹೋದರು. ಏನೆಂದು ತಿಳಿಯದೆಯೇ ಆಯಿತು ಎಂದೆ.

ಆದರೆ ತುಟಿ ಆಡಿದ್ದನ್ನು ನೋಡಿದ್ದೇನೆ. ಮರೆತಿಲ್ಲ. ದಿನಾ ಒಮ್ಮೆ ಹಾಗೇ ಆಡಿಸಿ ನೋಡಿಕೊಳ್ಳುತ್ತೇನೆ, ದನಿ ಇಲ್ಲದೆ. ನನಗೆ ತಿಳಿಯುವುದಿಲ್ಲ. ನಿಮಗೆ ತುಟಿ ನೋಡಿ ಮಾತು ತಿಳಿಯುತ್ತದೆ ಎಂದು ಬರೆದಿದ್ದೀರಲ್ಲ.

ಈ ಪತ್ರ ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತೇನೆ. ಓದಿ ಮುಗಿದ ಮೇಲೆ ಅತ್ತೆಯವರನ್ನೂ ಕರೆದು ಬೆಳಕಿದ್ದ ಕಡೆ ಕೂರಿ. ನಿಮ್ಮ ಎದುರಿಗೆ ಕೂತು ಅವರು ಅಂದ ಹಾಗೆ ತುಟಿ ಆಡಿಸುತ್ತೇನೆ. ಏನಂದರು ಎಂದು ನೀವು ನನಗೆ ಹೇಳಬೇಕು.

ಬಸ್ಸು ಬಂತು.

ಮಹೇಶ್ವರಿ